ನೊಂದವಳಿಗೆ ಪ್ರವಾಸವೇಕೆ?

ಒಂದು ಪ್ರಶ್ನೆಯಿಂದ ಪ್ರಾರಂಭಿಸುತ್ತೇನೆ. ಪ್ರಶ್ನೆ ನನ್ನದಲ್ಲ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತಿದ್ದಾಗ, ನಾನು ಬಹಳ ಗೌರವಿಸುವ ಹಿರಿಯ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಅಲ್ಲಮ್ಮ, ಗಂಡನ ಮನೆ ಬಿಟ್ಟು ಬಂದು ಕೂತಿರೋ ಹೆಣ್ಣುಮಕ್ಕಳನ್ನ ಬಸ್ಸು ಹತ್ತಿಸಿ ಊರೂರು ಸುತ್ತಿಸ್ತೀರಂತೆ. ಅಕ್ಕಿ ಕೊಡಿಸಿ, ವಕೀಲರನ್ನ ತೋರಿಸಿ, ಬೇಡ ಅನ್ನಲ್ಲ. ಸಂಸಾರ ಮುರಿದು ಬಿದ್ದಿರೋವಾಗ ಪ್ರವಾಸ ಯಾತಕ್ಕೆ?"

ನಾನು ಆಗ ಏನೋ ಒಂದು ಹೇಳಿ, ನಕ್ಕು ಬಂದುಬಿಟ್ಟೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ಬಿಡಲಿಲ್ಲ. ಅದರಲ್ಲಿ ಕುಹಕವಿರಲಿಲ್ಲ. ಸಾವಾದ ಮನೆಯಲ್ಲಿ ಒಗ್ಗರಣೆ ಹಾಕಬಾರದು ಎನ್ನುತ್ತೇವಲ್ಲ, ಆ ಜಾತಿಯ ಮಾತು ಅದು. ದುಃಖಕ್ಕೆ ಒಂದು ಮರ್ಯಾದೆಯಿದೆ, ಮೊದಲು ಕಣ್ಣೀರು, ಆಮೇಲೆ ನ್ಯಾಯ, ಎಲ್ಲ ಮುಗಿದ ಮೇಲೆ ಉಳಿದರೆ ಸಂತೋಷ ಎಂಬ ನಂಬಿಕೆ ನಮ್ಮಲ್ಲಿ ಬಹುಮಂದಿಗಿದೆ. ನನಗೂ ಇತ್ತು. ಆ ತಾಯಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮೆದುರು ಹೇಳಲು ಪ್ರಯತ್ನಿಸುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ತಿಪಟೂರು ತಾಲ್ಲೂಕಿನ ನಮ್ಮ ಬಿಳಿಗೆರೆಯ ಸುತ್ತಮುತ್ತ ಎತ್ತ ನೋಡಿದರೂ ತೆಂಗು. ತೋಟದ ನಡುವೆ ಮನೆ, ಒಂದು ಮನೆಯಿಂದ ಇನ್ನೊಂದಕ್ಕೆ ಕೂಗಿದರೆ ಕೇಳಿಸದಷ್ಟು ದೂರ. ಹಗಲಿನಲ್ಲಿ ಎಂಥ ತಂಪು! ಪೇಟೆಯಿಂದ ಬಂದವರು "ಸ್ವರ್ಗದಲ್ಲಿದ್ದೀರಿ" ಎನ್ನುತ್ತಾರೆ. ಆದರೆ ರಾತ್ರಿ ಒಬ್ಬ ಹೆಂಗಸು ಕಿರುಚಿದರೆ ಆ ತಂಪಿನಲ್ಲಿ ಯಾರಿಗೆ ಕೇಳಬೇಕು? ಕೇಳಿದರೂ, "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಮಗ್ಗುಲು ಬದಲಿಸುತ್ತೇವೆ. ಆ ಗಾದೆ ಹುಟ್ಟಿದ್ದು ಜಗಳದ ಬಗ್ಗೆ. ಜಗಳಕ್ಕೆ ಇಬ್ಬರು ಬೇಕು. ಒಬ್ಬನು ಹೊಡೆದು ಒಬ್ಬಳು ಹೊಡೆಸಿಕೊಳ್ಳುವುದಕ್ಕೆ ಜಗಳವೆಂದು ಹೆಸರಿಟ್ಟದ್ದು ನಾವು.

ನಮ್ಮ ಕಡೆಯ ಉಂಡೆ ಕೊಬ್ಬರಿಯ ಕೆಲಸ ನಿಮಗೆ ಗೊತ್ತಿರಬಹುದು. ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಬರಬೇಕು. ಆಗ ಸುಲಿದು, ಕರಟ ಒಡೆದು, ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಕರಟ ಒಡೆಯುವಲ್ಲಿ ಮನೆಯ ಹೆಂಗಸಿನ ಕೈಯಿದೆ. ಹಣ ಎಣಿಸುವಲ್ಲಿ ಬಹಳ ಮನೆಗಳಲ್ಲಿ ಇಲ್ಲ. 2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಆಗ "ಪಾಪ, ರೇಟಿಲ್ಲ, ತಲೆ ಕೆಟ್ಟಿದೆ, ಅದಕ್ಕೇ ಹೊಡೆದ" ಎಂದರು. 2025ರಲ್ಲಿ ಬೆಲೆ 20,000 ದಾಟಿ ಮೇಲೇರಿತು. ಆಗ "ಕೈಯಲ್ಲಿ ದುಡ್ಡು ಓಡಾಡ್ತಿದೆ, ಕುಡಿದು ಹೊಡೆದ" ಎಂದರು. ಬೆಲೆ ಬಿದ್ದರೂ ಅವಳ ಬೆನ್ನು, ಏರಿದರೂ ಅವಳ ಬೆನ್ನು. ಹಾಗಾದರೆ ಕಾರಣ ಕೊಬ್ಬರಿಯಲ್ಲಿ ಇಲ್ಲ ಎಂದಾಯಿತಲ್ಲವೇ?

ಇದು ಬಿಳಿಗೆರೆಯ ದೋಷವೇನೂ ಅಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವರ್ಷದೊಳಗಿನ ವಿವಾಹಿತೆಯರ ಪೈಕಿ ಗಂಡನ ಹಿಂಸೆಯನ್ನು ಅನುಭವಿಸಿದ್ದೇವೆ ಎಂದು ಹೇಳಿದವರು ಇಡೀ ದೇಶದಲ್ಲಿ ನೂರಕ್ಕೆ 29 ಮಂದಿ. ನಮ್ಮ ಕರ್ನಾಟಕದಲ್ಲಿ ನೂರಕ್ಕೆ 44. ಮುಂದಿನ ಸಾಲು ಇನ್ನೂ ಕಷ್ಟದ್ದು. ದೇಶದಲ್ಲಿ ಹಿಂಸೆಗೊಳಗಾದ ನೂರು ಹೆಂಗಸರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ಕೇವಲ 14 ಮಂದಿ. ಉಳಿದವರು ಎಲ್ಲಿದ್ದಾರೆ? ಪೂಜೆಯಲ್ಲಿ ನಮ್ಮ ಪಕ್ಕದ ಸಾಲಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಾರೆ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಅದನ್ನು ಬಿಟ್ಟು ಬರೆದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಮನೆಯ ಬಾಗಿಲಿಗೆ ಬಂದಳು. ಮದುವೆಯಾಗಿ ಮೂರು ವರ್ಷ. ಮುಂಗೈ ಊದಿಕೊಂಡಿತ್ತು. ಕಾಫಿ ಕೊಟ್ಟು ಕೂರಿಸಿ ನಾನು ಅವಳಿಗೆ ಹೇಳಿದ್ದು ಕಾಸಿಯಾದ ಸಂತ ರೀತಾಳ ಕಥೆ. ಹದಿನೆಂಟು ವರ್ಷ ಕೋಪಿಷ್ಠ ಗಂಡನನ್ನು ಸಹಿಸಿದಳು, ಪ್ರಾರ್ಥಿಸಿದಳು, ಕೊನೆಗೆ ಅವನ ಮನಸ್ಸು ಬದಲಾಯಿತು. "ನೀನೂ ಹೊಂದಿಕೊಂಡು ಹೋಗಮ್ಮ, ದೇವರಿದ್ದಾರೆ" ಎಂದೆ. ಸಂತಳ ಒಂದು ಚಿತ್ರಪಟವನ್ನೂ ಕೈಯಲ್ಲಿಟ್ಟೆ. ಅವಳು ಕಣ್ಣೊರೆಸಿಕೊಂಡು ವಾಪಸ್ಸು ಹೋದಳು. ಒಂದು ಸಂಸಾರ ಉಳಿಸಿದೆನೆಂದು ನಾನು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಆರು ವರ್ಷದ ಮೇಲೆ ಅವಳು ಮಗಳ ಕೈ ಹಿಡಿದು ತವರಿಗೆ ಬಂದಾಗ ಎಡಗಿವಿ ಕೇಳಿಸುತ್ತಿರಲಿಲ್ಲ. ಕೆನ್ನೆಗೆ ಬಿದ್ದ ಏಟಿನಿಂದ ಕಿವಿಯ ತಮಟೆ ಹರಿದಿತ್ತು. ನಾನು ಕೊಟ್ಟ ಚಿತ್ರಪಟ ಪರ್ಸಿನಲ್ಲಿ ಇನ್ನೂ ಇತ್ತು. "ನೀವು ಕೊಟ್ಟಿದ್ದು ಅಕ್ಕ, ಬಿಸಾಕಕ್ಕೆ ಮನಸ್ಸು ಬರಲಿಲ್ಲ" ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆಯೇ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಂತ ರೀತಾಳಲ್ಲಿ ತಪ್ಪಿಲ್ಲ. ಅವಳು ಬದುಕಿದ್ದು ಹದಿನಾಲ್ಕು, ಹದಿನೈದನೆಯ ಶತಮಾನದ ಇಟಲಿಯಲ್ಲಿ. ಅವಳು ಪವಿತ್ರಳಾದದ್ದು ಪೆಟ್ಟು ತಿಂದದ್ದರಿಂದ ಅಲ್ಲ, ಗಂಡನ ಕೊಲೆಯಾದ ಮೇಲೂ ಸೇಡನ್ನು ನಿರಾಕರಿಸಿದ್ದರಿಂದ. ಕಥೆಯ ಯಾವ ಭಾಗವನ್ನು ಯಾರಿಗೆ ಹೇಳುತ್ತೇವೆ ಎಂಬುದರಲ್ಲಿ ತಪ್ಪಿದೆ. ಹೊಡೆಯುವವನಿಗೆ ನಾವು ಯಾವ ಸಂತನ ಕಥೆಯನ್ನೂ ಹೇಳುವುದಿಲ್ಲ. ಸಂತ ಆಗಸ್ಟೀನರು ತಮ್ಮ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ತಾಯಿ ಮೋನಿಕಳ ಬಗ್ಗೆ ಬರೆಯುತ್ತಾ, ಮುಖದ ಮೇಲೆ ಏಟಿನ ಗುರುತು ಹೊತ್ತು ಬಂದ ನೆರೆಯ ಹೆಂಗಸರಿಗೆ ಆಕೆ ನಾಲಿಗೆ ಬಿಗಿಹಿಡಿಯಲು ಬುದ್ಧಿ ಹೇಳುತ್ತಿದ್ದಳು ಎಂದು ತಿಳಿಸುತ್ತಾರೆ. ಸಾವಿರದ ಆರುನೂರು ವರ್ಷ ಹಿಂದಿನ ಮಾತು. ನಾನು ಕಾಫಿ ಕೊಟ್ಟು ಹೇಳಿದ್ದೂ ಅದನ್ನೇ!

ನಮ್ಮ ಧರ್ಮಸಭೆ ಇದನ್ನು ಬೇಡುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಒಬ್ಬ ಸಂಗಾತಿ ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೆ, ಮನಸ್ಸಿಗೆ ಗಂಭೀರ ಅಪಾಯ ತಂದರೆ ಬೇರೆಯಾಗಿ ವಾಸಿಸಲು ನ್ಯಾಯವಾದ ಕಾರಣವಿದೆ ಎಂದು 1983ರ ಧರ್ಮಸಭೆಯ ಕಾನೂನಿನ 1153ನೆಯ ವಿಧಿ ಹೇಳುತ್ತದೆ. ಪೋಪ್ ಫ್ರಾನ್ಸಿಸರು ಕುಟುಂಬ ಪ್ರೀತಿಯ ಬಗ್ಗೆ 2016ರಲ್ಲಿ ಪ್ರಕಟಿಸಿದ ಪತ್ರದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ದುರ್ಬಲಳಾದ ಸಂಗಾತಿಯನ್ನೂ ಮಕ್ಕಳನ್ನೂ ಹಿಂಸೆಯಿಂದ ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯವಾಗಬಹುದು ಎಂದರು. ವಿವಾಹ ಸಂಸ್ಕಾರ ಬಿಡಿಸಲಾಗದ್ದು, ನಿಜ. ಆದರೆ ಅದು ಹೆಣ್ಣನ್ನು ಕಟ್ಟಿಹಾಕುವ ಹಗ್ಗವಲ್ಲ.

ಇರಲಿ, ಪ್ರವಾಸದ ವಿಷಯಕ್ಕೆ ಬರುತ್ತೇನೆ.

ನಾವು ನಾಲ್ಕೈದು ಜನ ಇದ್ದೇವೆ. ಸಂಘವಲ್ಲ, ನೋಂದಣಿಯಿಲ್ಲ, ಬ್ಯಾನರಿಲ್ಲ. ಒಬ್ಬರು ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಒಬ್ಬರು ಟೈಲರಿಂಗ್ ಮಾಡುವವರು, ಹೀಗೆ. ಎಲ್ಲರೂ ಕ್ರೈಸ್ತರೂ ಅಲ್ಲ. ಮೊದಮೊದಲು ಹಿಂಸೆಯಿಂದ ಹೊರಬಂದ ಹೆಂಗಸರ ಮನೆಗೆ ಹೋಗಿ ಕೂರುವುದು, ಆಸ್ಪತ್ರೆಗೆ, ಕೋರ್ಟಿಗೆ ಜೊತೆಯಾಗುವುದು, ಇಷ್ಟೇ ಇತ್ತು. ಹೀಗೆ ಹೋಗಿ ಬರುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾವು ಹೋದಾಗಲೆಲ್ಲ ಮಾತು ಒಂದೇ: ಅವನು ಏನು ಮಾಡಿದ, ವಕೀಲರು ಏನಂದರು, ಮುಂದೇನು. ಅವಳು ನಮಗೆ ಒಂದು 'ಕೇಸ್' ಆಗಿದ್ದಳು. ಗಂಡನ ಮನೆಯಲ್ಲಿ ಅವನ ಮುಖ ನೋಡಿ ಬದುಕುತ್ತಿದ್ದವಳು ಇಲ್ಲಿಯೂ ಅವನ ಕಥೆಯನ್ನೇ ಹೇಳಿಕೊಂಡು ಬದುಕುತ್ತಿದ್ದಳು.

2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದರ ಬಗ್ಗೆ ಅಣಕದ ಮಾತುಗಳನ್ನು ನೀವೂ ಕೇಳಿರುತ್ತೀರಿ, "ಹೆಂಗಸರೆಲ್ಲ ಸುತ್ತಕ್ಕೆ ಹೊರಟವರೆ" ಎಂದು. ನಮ್ಮಲ್ಲಿ ಒಬ್ಬರು, "ಸುತ್ತೋಣ, ಅದಕ್ಕೇನೀಗ?" ಎಂದರು. ಪ್ರಾರಂಭವಾದದ್ದು ಹಾಗೆ.

ಮೊದಲನೆಯ ಅಡ್ಡಿ ನಾವು ಎಣಿಸಿಯೇ ಇರದಂಥದ್ದು. ಉಚಿತ ಟಿಕೆಟಿಗೆ ಗುರುತಿನ ಚೀಟಿ ತೋರಿಸಬೇಕು. ಬರುತ್ತೇವೆಂದ ಏಳು ಜನರಲ್ಲಿ ಮೂವರ ಆಧಾರ್ ಕಾರ್ಡ್ ಗಂಡನ ಬೀರುವಿನಲ್ಲಿತ್ತು. ಉಟ್ಟ ಬಟ್ಟೆಯಲ್ಲಿ ಹೊರಟುಬಂದವಳು ಕಾರ್ಡು ಹುಡುಕುತ್ತಾ ನಿಲ್ಲುತ್ತಾಳೆಯೇ? ಕಾರ್ಡಿಲ್ಲದೆ ಬಸ್ಸಿಲ್ಲ. ಬ್ಯಾಂಕಿನ ಕೆಲಸವೂ ಕಷ್ಟ, ಗೃಹಲಕ್ಷ್ಮಿಯ ಎರಡು ಸಾವಿರವೂ ಕಷ್ಟ, ಮಗುವನ್ನು ಹೊಸ ಶಾಲೆಗೆ ಸೇರಿಸುವುದೂ ಕಷ್ಟ. ಒಂದು ದಿನದ ಪ್ರವಾಸಕ್ಕೆಂದು ಹೊರಟವರು ಮೊದಲು ಆಧಾರ್ ಕೇಂದ್ರದ ಸಾಲಿನಲ್ಲಿ ನಿಂತೆವು. ಪ್ರವಾಸದ ನೆಪವಿಲ್ಲದಿದ್ದರೆ ಆ ಮೂವರೂ ಕಾರ್ಡಿಲ್ಲವೆಂದು ನಾಚಿಕೆಯಿಂದ ಬಾಯಿ ಬಿಡುತ್ತಿರಲಿಲ್ಲ.

ಮೊದಲ ಸಲ ಹೋದದ್ದು ಅರಳಗುಪ್ಪೆಗೆ. ದೂರವೇನಿಲ್ಲ, ಇದೇ ತಾಲ್ಲೂಕು. ತುಮಕೂರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ದಾರಿಗಳು ಕೂಡುವ ಕೆ.ಬಿ. ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಆಟೋ. ಅಲ್ಲಿಯ ಕಲ್ಲೇಶ್ವರ ಗುಡಿ ನೊಳಂಬರ ಕಾಲದ್ದು, ಒಂಬತ್ತನೆಯ ಶತಮಾನದ್ದು. ಒಳಗೆ ಛಾವಣಿಯಲ್ಲಿ ಕುಣಿಯುವ ಶಿವ, ಸುತ್ತ ವಾದ್ಯ ನುಡಿಸುವವರು, ಅಂಚಿನಲ್ಲಿ ಎಂಟು ದಿಕ್ಕುಗಳ ಪಾಲಕರು. (ಕ್ರೈಸ್ತರು ಗುಡಿಗೆ ಏಕೆ ಹೋದಿರಿ ಎಂದು ಕೇಳುವವರಿಗೆ: ಏಳು ಜನರಲ್ಲಿ ಐವರು ನಮ್ಮ ಸಭೆಯವರಲ್ಲ, ಮತ್ತು ಕಲ್ಲಿನಲ್ಲಿ ಅಷ್ಟು ಚೆಂದ ಕೆತ್ತಿದವನಿಗೆ ಕೈ ಕೊಟ್ಟವರು ದೇವರೇ.) ಆ ಕೆತ್ತನೆಯನ್ನು ನೋಡಬೇಕಾದರೆ ಕತ್ತೆತ್ತಲೇಬೇಕು. ನಾವೆಲ್ಲ ಕತ್ತು ನೋಯುವವರೆಗೆ ನೋಡಿದೆವು. ಕಿವಿ ಕೇಳಿಸದ ನಮ್ಮ ಹೆಣ್ಣುಮಗಳು, ಅವಳೂ ಬಂದಿದ್ದಳು, ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. "ಹಿಂಗಾದ್ರೆ ಪೂರಾ ಕಾಣ್ತದೆ ಕಣಕ್ಕ" ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಮಲಗಿದೆವು. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯಾರೋ ನಕ್ಕರು.

ಮಧ್ಯಾಹ್ನ ಹೋಟೆಲಿನಲ್ಲಿ ಏನು ತಿನ್ನುತ್ತೀರಿ ಎಂದು ಕೇಳಿದರೆ ಆರು ಜನರದೂ ಒಂದೇ ಉತ್ತರ: "ಎಲ್ಲರಿಗೂ ಏನೋ ಅದೇ." ವಿನಯವೆಂದು ತಿಳಿದುಕೊಂಡೆ. ವಿನಯವಲ್ಲ. ನಿನಗೇನು ಬೇಕು ಎಂದು ಯಾರೂ ಕೇಳದೆ ವರ್ಷಗಳೇ ಕಳೆದರೆ ಬೇಕು ಎನ್ನುವುದೇ ಮರೆತುಹೋಗುತ್ತದೆ. ಮೂರನೆಯ ಪ್ರವಾಸದಲ್ಲಿ ಅವರಲ್ಲೊಬ್ಬಳು ಮಾಣಿಯನ್ನು ಕರೆದು, "ನನಗೆ ಖಾಲಿ ದೋಸೆ, ಚಟ್ನಿ ಬ್ಯಾಡ, ಪಲ್ಯ ಜಾಸ್ತಿ" ಎಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಸಂಜೆಯಾಗುತ್ತಿದ್ದಂತೆ ಇನ್ನೊಂದು ಕಂಡಿತು. ಮೂರೂವರೆ ಗಂಟೆಯಿಂದಲೇ ಇಬ್ಬರಿಗೆ ಚಡಪಡಿಕೆ. ಚೀಲ ಕಟ್ಟಿ ಹೆಗಲಿಗೆ ಹಾಕಿಕೊಂಡು ನಿಂತರು. ಕೆ.ಬಿ. ಕ್ರಾಸಿನಲ್ಲಿ ಬಸ್ಸು ತಡವಾದಾಗ ಅವರಲ್ಲೊಬ್ಬಳ ಕೈ ನಡುಗತೊಡಗಿತು. "ಐದು ಗಂಟೆಗೆ ಮನೇಲಿರಬೇಕು, ಲೇಟಾದ್ರೆ..." ಎಂದಳು. ಪಕ್ಕದವಳು ಮೆಲ್ಲಗೆ ಕೇಳಿದಳು, "ಯಾರಿಗೆ ಲೇಟು?" ಅವಳು ಬಾಯಿ ತೆರೆದಳು, ಮುಚ್ಚಿದಳು. ಗಂಡನ ಮನೆ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ತಾಯಿಯ ಮನೆಯಲ್ಲಿ ಅವಳಿಗಾಗಿ ಗಡಿಯಾರ ನೋಡುತ್ತಾ ಕೂತವರು ಯಾರೂ ಇರಲಿಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಅತ್ತಳು. ಆಮೇಲೆ ಕಡಲೆಕಾಯಿ ಕೊಂಡು ಎಲ್ಲರಿಗೂ ಹಂಚಿದಳು.

ಈಗ ನನ್ನ ಉತ್ತರ ನಿಮಗೆ ಹೊಳೆದಿರಬಹುದು. ಹಿಂಸೆ ಎಂದರೆ ಏಟು ಮಾತ್ರವಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಹಿಂಸೆಯನ್ನೂ ಹೆಸರಿಸಿದೆ. ಆದರೆ ಇವೆಲ್ಲದರ ಬುಡದಲ್ಲಿ ಇರುವುದು ಅವಳ ದಾರಿಯನ್ನು ಕಿತ್ತುಕೊಳ್ಳುವುದು. ಎಲ್ಲಿಗೆ ಹೋಗುತ್ತೀ, ಯಾರನ್ನು ಕೇಳಿ ಹೋದೆ, ಯಾರ ಜೊತೆ ನಕ್ಕೆ. ಏಟು ಬೀಳುವುದು ಇದಕ್ಕೇ. ನಾನು ಹೇಳಿದ ಅದೇ ಸಮೀಕ್ಷೆಯಲ್ಲಿ ಮಾರುಕಟ್ಟೆಗೆ, ಆಸ್ಪತ್ರೆಗೆ, ಊರ ಹೊರಗಿನ ಜಾಗಕ್ಕೆ, ಈ ಮೂರಕ್ಕೂ ಒಬ್ಬರೇ ಹೋಗಲು ಬಿಡುತ್ತಾರೆ ಎಂದವರು ದೇಶದ ಹೆಂಗಸರಲ್ಲಿ ನೂರಕ್ಕೆ 42 ಮಂದಿ ಮಾತ್ರ. ಹಾಗಿರುವಾಗ ಪ್ರವಾಸ ಎನ್ನುವುದು ನೊಂದವಳಿಗೆ ಕೊಡುವ ಮಿಠಾಯಿಯಲ್ಲ. ಅವಳಿಂದ ಕದ್ದದ್ದನ್ನು ಅವಳಿಗೆ ಹಿಂದಿರುಗಿಸುವುದು. ಕಳವಾದ ಬಳೆ ಸಿಕ್ಕಿದರೆ, "ಈಗ ದುಃಖದಲ್ಲಿದ್ದೀ, ಕೇಸ್ ಮುಗಿಯಲಿ, ಆಮೇಲೆ ಕೊಡುತ್ತೇವೆ" ಎನ್ನುತ್ತೇವೆಯೇ?

ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಹದಿನೆಂಟು ವರ್ಷದಿಂದ ಬೆನ್ನು ಬಾಗಿ, ತಲೆ ಎತ್ತಿ ನಿಲ್ಲಲಾರದವಳು. ಸಬ್ಬತ್ ದಿನ ಯೇಸುಸ್ವಾಮಿ ಅವಳನ್ನು ಕರೆದು ಗುಣಪಡಿಸುತ್ತಾರೆ. ಪ್ರಾರ್ಥನಾಮಂದಿರದ ಅಧ್ಯಕ್ಷನಿಗೆ ಸಿಟ್ಟು. ಗುಣವಾಗಬಾರದೆಂದು ಅವನು ಹೇಳುವುದಿಲ್ಲ ನೋಡಿ, ವಾರದಲ್ಲಿ ಬೇರೆ ಆರು ದಿನ ಇದೆಯಲ್ಲ, ಆಗ ಬನ್ನಿ ಎನ್ನುತ್ತಾನೆ. ನಮ್ಮ ಅಂಗಳದ ಪ್ರಶ್ನೆಯೂ ಅದೇ: ಸಂತೋಷ ಬೇಡವೆನ್ನುವುದಿಲ್ಲ, ಈಗ ಬೇಡ. ಅದಕ್ಕೆ ಸ್ವಾಮಿ ಕೊಟ್ಟ ಉತ್ತರ ದನದ ಕೊಟ್ಟಿಗೆಯದು. ಸಬ್ಬತ್ ದಿನವೂ ನೀವು ಎತ್ತನ್ನೋ ಕತ್ತೆಯನ್ನೋ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುತ್ತೀರಲ್ಲವೇ ಎಂದು ಕೇಳುತ್ತಾರೆ. ಆ ಮಾತನ್ನು ನಾನು ನೂರು ಸಲ ಕೇಳಿದ್ದೆ. ಅರಳಗುಪ್ಪೆಯಿಂದ ಬಂದ ರಾತ್ರಿ ಮೊದಲ ಸಲ ಕೇಳಿಸಿದಂತಾಯಿತು. ಬಿಚ್ಚಿದರೆ ಸಾಲದು, ನೀರಿನ ತನಕ ಕರೆದುಕೊಂಡು ಹೋಗಬೇಕು. ಬಿಚ್ಚಿ ಕೊಟ್ಟಿಗೆಯಲ್ಲೇ ನಿಲ್ಲಿಸಿದರೆ ಅದಕ್ಕೇನು ಪ್ರಯೋಜನ?

ಹಾಗೆಂದು ಪ್ರವಾಸ ನ್ಯಾಯಕ್ಕೆ ಬದಲಿ ಎಂದು ನಾನು ಹೇಳುತ್ತಿಲ್ಲ. ಅನುಭವ ಉಲ್ಟಾ ಆಗಿದೆ. ಕೋರ್ಟಿಗೆ ಹೋಗೆಂದು ನಾವು ಆರು ತಿಂಗಳು ಹೇಳಿದರೂ ಕೇಳದವಳು ಬಸ್ಸಿನಲ್ಲಿ ಪಕ್ಕ ಕೂತವಳ ಮಾತು ಕೇಳಿ ಹೊರಟಳು. "ಪ್ರೊಟೆಕ್ಷನ್ ಆಫೀಸರ್ ಅಂದ್ರೆ ಹೆದರಬ್ಯಾಡ, ಅವರು ನಮ್ಮ ಸಿಡಿಪಿಒ ಮೇಡಮ್ಮೋರೇ" ಎಂದಿದ್ದಳಂತೆ ಇವಳು. ಈ ಕಾಯ್ದೆಯ ಕೆಳಗೆ ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆದೇಶ ಪಡೆಯಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ನಿಮಗೂ ಒಂದು ಮಾತಿದೆ, ಓದುಗರೇ. ನೆರೆಮನೆಯಲ್ಲಿ ಹೀಗಾಗುತ್ತಿದೆ ಎಂದು ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರದಂತೆ ಕಾಯ್ದೆಯ ನಾಲ್ಕನೆಯ ಕಲಮು ರಕ್ಷಿಸುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. "ನಮಗ್ಯಾಕೆ ಊರ ಉಸಾಬರಿ" ಎನ್ನಲು ಈಗ ಕಾನೂನಿನ ಭಯವೂ ನೆಪವಾಗುವುದಿಲ್ಲ.

ಈ ಕೆಲಸದಲ್ಲಿ ನಾವೇ ಮೊದಲಿಗರೆಂದು ಭಾವಿಸಬೇಡಿ. ಗುಡ್ ಶೆಫರ್ಡ್ ಭಗಿನಿಯರು ಬೆಂಗಳೂರಿಗೆ ಬಂದದ್ದು 1854ರಲ್ಲಿ. ಸಂಕಟದಲ್ಲಿರುವ ಹೆಂಗಸರಿಗೆ ಆಸರೆಯಾಗುವುದೇ ಅವರ ಸಭೆಯ ಮೂಲ ಕರೆ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆ, 'ಮನೆಯ ವಿಷಯ' ಎಂದು ಮುಚ್ಚಿಡುತ್ತಿದ್ದದ್ದನ್ನು ಬೀದಿಗೆ ತಂದು ಮಾತಾಡಿತು. ನೊಂದವರಿಗಾಗಿ ಅವರು ನಡೆಸಿದ ಕೇಂದ್ರದ ಹೆಸರು 'ಅಂಗಳ'. ಆ ಹೆಸರು ನನಗೆ ಬಹಳ ಇಷ್ಟ. ಅಂಗಳ ಎಂದರೆ ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ, ನಾಲ್ಕು ಜನ ಕೂರುವ ಜಾಗ.

ಸ್ವಯಂಸೇವೆ ಮಾಡಲು ಹೊರಡುವವರು ಎಚ್ಚರವಾಗಿರಬೇಕಾದದ್ದು ತಮ್ಮಿಂದಲೇ. ಎರಡನೆಯ ಪ್ರವಾಸದಲ್ಲಿ ನಮ್ಮವರೊಬ್ಬರು ಉತ್ಸಾಹದಿಂದ ಫೋಟೋ ತೆಗೆದು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಮೂರನೆಯ ದಿನ ಅದರಲ್ಲಿದ್ದ ಒಬ್ಬಳ ಮೈದುನ ಅವಳು ಬಾಡಿಗೆಗಿದ್ದ ಮನೆಯ ಮಾಲೀಕರನ್ನು ಹುಡುಕಿಕೊಂಡು ಬಂದ. ದೇವರ ದಯೆಯಿಂದ ಅನಾಹುತವಾಗಲಿಲ್ಲ. ಆದರೆ ಅವಳು ಮನೆ ಬದಲಾಯಿಸಬೇಕಾಯಿತು, ಮಗನ ಶಾಲೆಯೂ ಬದಲಾಯಿತು. ನಮ್ಮ ಒಂದು ಫೋಟೋದ ಸಂತೋಷಕ್ಕೆ ಅವಳು ತೆತ್ತ ಬೆಲೆ ಅದು. ಅಂದಿನಿಂದ ಫೋಟೋ ಇಲ್ಲ. ಬಸ್ಸಿನಲ್ಲಿ "ನಿನಗೇನಾಗಿತ್ತಮ್ಮ" ಎಂದು ಕೇಳುವುದೂ ಇಲ್ಲ. ಹೇಳಿದರೆ ಕೇಳುತ್ತೇವೆ. ಹೊರಡುವ ಮೊದಲು ಪ್ರಾರ್ಥನೆ ಮಾಡಿಸುವ ಆಸೆ ನನಗಿತ್ತು, ಅದನ್ನೂ ಬಿಟ್ಟೆ. ಒಂದು ದಿನವಾದರೂ ಅವರಿಂದ ಯಾರೂ ಏನನ್ನೂ ನಿರೀಕ್ಷಿಸದಿರಲಿ, ಕೃತಜ್ಞತೆಯನ್ನೂ ಸಹ.

ಒಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಪೂರ್ತಿಯಾಗಿಲ್ಲ. ಮೊದಲ ಪ್ರವಾಸಕ್ಕೆ ಬಂದಿದ್ದ ಏಳು ಜನರಲ್ಲಿ ಒಬ್ಬಳು ಕಳೆದ ವರ್ಷ ಗಂಡನ ಮನೆಗೆ ವಾಪಸ್ಸು ಹೋದಳು. ನಮ್ಮಲ್ಲಿಯೇ ಮಾತು ಬಂತು. "ಅಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ" ಎಂದರು ಒಬ್ಬರು. "ಇನ್ನು ಅವಳನ್ನು ಕರೆಯುವುದು ಬೇಡ, ಉಳಿದವರ ಧೈರ್ಯ ಕೆಡುತ್ತದೆ, ಗಂಡ ಗಲಾಟೆ ಮಾಡಿದರೆ ಯಾರು ಹೊಣೆ" ಎಂದರು ಇನ್ನೊಬ್ಬರು. ಅವರ ಭಯ ಸುಳ್ಳಲ್ಲ. ಆದರೆ ಒಂದು ಕಾಲದಲ್ಲಿ ಇಂಥವಳನ್ನು 'ಹೋಗು' ಎಂದು ಕಳಿಸಿದವಳು ನಾನು, ಈಗ 'ಏಕೆ ಹೋದೆ' ಎಂದು ಬಾಗಿಲು ಹಾಕಿದರೆ ಎರಡು ಸಲವೂ ಅವಳಿಗೆ ಅಪ್ಪಣೆ ಮಾಡಿದಂತಾಗಲಿಲ್ಲವೇ? ಅವಳು ಏಕೆ ಹೋದಳು ಎಂಬುದನ್ನು ನಾವು ಕೇಳಿಲ್ಲ. ಮಕ್ಕಳಿರಬಹುದು, ಹಸಿವಿರಬಹುದು, ಅವನ ಮೇಲಿನ ಪ್ರೀತಿಯೇ ಇರಬಹುದು. ಮಾತಾಡಿ ಮಾತಾಡಿ ಕೊನೆಗೆ, ಅವಳಿಗೆ ಫೋನ್ ಮಾಡುವುದು, ಆದರೆ ಅವಳಿರುವ ಊರಿನ ನಿಲ್ದಾಣದಲ್ಲಿ ಗುಂಪಾಗಿ ಕಾಯುವುದು ಬೇಡ ಎಂದು ತೀರ್ಮಾನವಾಯಿತು. ಇದು ಸರಿಯೋ ತಪ್ಪೋ ಎಂಬ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಹೋದ ಬಾರಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಜಲಾಶಯಕ್ಕೆ ಹೊರಟಾಗ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಈ ಸಲ ಆಗಲ್ಲ ಕಣಕ್ಕ, ಕಾಯಿ ಸುಲಿಯೋರು ಬಂದವರೆ, ಅಡಿಗೆ ಮಾಡಬೇಕು" ಎಂದಳು. ಹಿಂದಿನಿಂದ ಗಂಡಸಿನ ದನಿ ಯಾರದು ಎಂದು ಕೇಳಿತು. "ಟೈಲರ್ ಅಂಗಡಿಯೋರು" ಎಂದಳು ಅವನಿಗೆ. ನನಗೆ, "ಅಲ್ಲಿ ನೀರೈತಾ ಈಗ?" ಎಂದು ಮೆಲ್ಲಗೆ ಕೇಳಿದಳು. ಇದೆಯಂತೆ ಎಂದೆ. "ಮುಂದಿನ ಸಲ ಎಲ್ಲಿಗೆ ಅಂತ ಹೇಳು" ಎಂದು ಫೋನ್ ಇಟ್ಟಳು.

ಮುಂದಿನ ಸಲ ತುರುವೇಕೆರೆಗೆ, ಗಂಗಾಧರೇಶ್ವರ ಗುಡಿಯ ದೊಡ್ಡ ಕಲ್ಲಿನ ಬಸವಣ್ಣನನ್ನು ನೋಡಲು. ಬೆಳಿಗ್ಗೆ ಎಂಟರ ಹೊತ್ತಿಗೆ ಹೊರಡುತ್ತೇವೆ. ಆ ಹಿರಿಯ ತಾಯಿಯನ್ನೂ ಬರುವಂತೆ ಕೇಳಿದ್ದೇನೆ. ಮಂಡಿ ನೋವು, ನೋಡೋಣ ಎಂದಿದ್ದಾರೆ.